ಟೇಲೆಂಡ್ ಮುಟ್ಟದ ಓಟು

ಬೈಲಹೊಂಗಲದಲ್ಲಿ ಮೂವತ್ತೊಂದು ವರ್ಷ ರಾಜ್ಯಶಾಸ್ತ್ರ ಕಲಿಸಿ ನಿವೃತ್ತನಾದವನು ನಾನು. ಪ್ರತಿ ವರ್ಷ ಚಳಿ ಬೀಳುವ ಹೊತ್ತಿಗೆ ಒಂದು ಪಾಠ ತಪ್ಪದೇ ಬರುತ್ತಿತ್ತು: ಪ್ರಮಾಣಾನುಗುಣ ಪ್ರಾತಿನಿಧ್ಯ. ಯಾರ ಹಿಂದೆ ಎಷ್ಟು ಜನರೋ ಅವರಿಗೆ ಅಷ್ಟು ಕುರ್ಚಿ, ಇಷ್ಟೇ ಅದರ ಸಾರ. ಆದರೆ ಇಷ್ಟೇ ಎಂದುಬಿಟ್ಟರೆ ನಮಗೆ ಪಗಾರ ಯಾರು ಕೊಡುತ್ತಾರೆ? ಹಾಗಾಗಿ ಅದಕ್ಕೆ ಆರು ಗುಣ, ಆರು ದೋಷ ಎಂದು ನೋಟ್ಸು ಬರೆಸುತ್ತಿದ್ದೆ. ಹುಡುಗರು ಹನ್ನೆರಡನ್ನೂ ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಗುಣದ ಕೆಳಗೆ ದೋಷ, ದೋಷದ ಕೆಳಗೆ ಗುಣ ಬರೆದು ಬರುತ್ತಿದ್ದರು. ನಾನೂ ಹತ್ತಕ್ಕೆ ಏಳು ಹಾಕಿ ಮುಂದಿನ ಪೇಪರು ತೆಗೆಯುತ್ತಿದ್ದೆ. "ಸರ, ಇದು ಖರೇನ ನ್ಯಾಯದ್ದೇನ್ರಿ?" ಎಂದು ಮೂವತ್ತೊಂದು ವರ್ಷದಲ್ಲಿ ಒಬ್ಬನೂ ಕೇಳಲಿಲ್ಲ. ಪುಣ್ಯ. ಕೇಳಿದ್ದರೆ ನನಗೂ ಗೊತ್ತಿರಲಿಲ್ಲ.

ಕೇಳಿದವಳು ನನ್ನ ತಂಗಿ. ನನಗಿಂತ ಹದಿನೆಂಟು ವರ್ಷ ಸಣ್ಣವಳು. ನಾನೇ ಹೆಗಲ ಮೇಲೆ ಕೂಡಿಸಿಕೊಂಡು ತಿರುಗಿದವಳು, ನಾನೇ ಪಾಟಿಯ ಮೇಲೆ ಅಂಕಿ ತಿದ್ದಿಸಿದವಳು. ಸೋದರತ್ತೆಯ ಮಗನಿಗೇ ಕೊಟ್ಟದ್ದರಿಂದ ಹುಟ್ಟಿದ ಊರಿನಲ್ಲೇ ಉಳಿದಳು. ಯರಗಟ್ಟಿಯಲ್ಲಿ ಬಸ್ಸು ಬದಲಿಸಿದರೆ ಅರ್ಧ ತಾಸಿನ ಹಾದಿ ನಮ್ಮೂರು. ಅಪ್ಪ ತೀರಿಕೊಳ್ಳುವ ಮುಂಚೆ ಆಕೆಗೆ ಅರಿಷಿಣ ಕುಂಕುಮಕ್ಕೆಂದು ನಾಲ್ಕು ಎಕರೆ ಹೊಲ ಬರೆದುಕೊಟ್ಟರು. ಗಂಡುಮಕ್ಕಳಾದ ನಮಗೆ ಕಾಲುವೆಯ ಬಾಯಿಗೆ ಹತ್ತಿದ ಹೊಲ, ಆಕೆಗೆ ಕಾಲುವೆ ಮುಗಿಯುವಲ್ಲಿನ ಹೊಲ. ಮಗಳಿಗೂ ಭೂಮಿ ಕೊಟ್ಟ ದೊಡ್ಡ ಮನುಷ್ಯ ಎಂದು ಊರೆಲ್ಲ ಅಪ್ಪನನ್ನು ಹೊಗಳಿತು. ನಾನೂ ಹೊಗಳಿದೆ, ನನ್ನದೇನು ಹೋಗುತ್ತದೆ.

ನವಿಲುತೀರ್ಥದ ಅಣೆಕಟ್ಟಿನ ನೀರು ನಮ್ಮೂರಿಗೆ ಬರುವುದು ಒಂದು ಸಣ್ಣ ಕಾಲುವೆಯಲ್ಲಿ. ಯಾರ ಹೊಲಕ್ಕೆ ಯಾವತ್ತು ನೀರು ಎಂದು ಪಾಳಿ ಬರೆಯುವುದಕ್ಕೆ ಊರಿನದೇ ಒಂದು ನೀರಿನ ಸಂಘ, ಅದಕ್ಕೆ ಐದು ವರ್ಷಕ್ಕೊಮ್ಮೆ ಆರಿಸುವ ಐದು ಮಂದಿಯ ಕಮಿಟಿ. ಆ ಐವರು ಪಾಳಿಯನ್ನು ಮೇಲಿನಿಂದ ಬರೆಯುತ್ತಾ ಬರುತ್ತಾರೆ. ಮೇಲಿನವರು ಒಂದು ದಿನದ ಪಾಳಿಯಲ್ಲಿ ಎರಡು ದಿನ ಹಾಯಿಸಿಕೊಂಡು, ಬದು ಒಡೆದು ಹಳ್ಳಕ್ಕೂ ಇಷ್ಟು ಬಿಡುತ್ತಾರೆ. ಪಾಳಿ ತುದಿಗೆ ಬರುವಷ್ಟರಲ್ಲಿ ಅಣೆಕಟ್ಟಿನ ಗೇಟು ಇಳಿದು ನೀರು ನಿಂತಿರುತ್ತದೆ. ತುದಿಯವರಿಗೆ ನಮ್ಮ ಕಡೆ ಟೇಲೆಂಡಿನವರು ಎನ್ನುತ್ತಾರೆ. ಇಂಜಿನಿಯರುಗಳು ಬಿಟ್ಟುಹೋದ ಮಾತು, ನೀರು ಮುಟ್ಟದಿದ್ದರೂ ಮಾತು ಮಾತ್ರ ಅಲ್ಲಿಯತನಕ ಸರಿಯಾಗಿ ಮುಟ್ಟಿದೆ.

ಒಂದು ಶ್ರಾವಣದಲ್ಲಿ ತಂಗಿ ಬೈಲಹೊಂಗಲದ ನಮ್ಮ ಮನೆಗೆ ಬಂದಳು. ಬಂದವಳು ಚಾ ಕೂಡ ಮುಟ್ಟದೆ ಸುರು ಮಾಡಿದಳು.

"ಅಣ್ಣಾ, ಎರಡ ವರ್ಷ ಆತು. ಗೋಧಿ ತೆನಿ ಹಾಲು ತುಂಬೋ ಹೊತ್ತಿಗೆ ನೀರಿಲ್ಲ. ಡ್ಯಾಮ್ ತುಂಬೇತಿ, ನನ್ನ ಹೊಲಾ ಒಣಗೇತಿ. ಈ ವರ್ಷನೂ ಹಿಂಗಾದ್ರ ಹೊಲಾ ಲಾವಣಿಗೆ ಹಾಕಿ ಯರಗಟ್ಟಿ ಪ್ಯಾಟ್ಯಾಗ ಕಾಳು ತೂಗೋ ಕೆಲಸಕ್ಕ ಹೋಗ್ತೇನಿ ಅಂತ ಇವರು ಕುಂತಾರ. ಐದ ವರ್ಷ ಹೊಲಾ ಬ್ಯಾರೇದವರ ಕೈಗೆ. ಅಪ್ಪ ನನ್ನ ಹೆಸರಿಗೆ ಮಾಡಿದ್ದು ಅದೊಂದ ಐತಿ. ನಾ ಏನ ಮಾಡ್ಲಿ?"

"ಕಮಿಟಿಯವರಿಗೆ ಹೇಳು" ಅಂದೆ, ಬುದ್ಧಿವಂತನಂತೆ.

"ಕಮಿಟ್ಯಾಗ ನಮ್ಮವರು ಯಾರದಾರ ಹೇಳಾಕ? ನೂರಿಪ್ಪತ್ತು ಮೆಂಬರ್ಸ್. ಅದರಾಗ ನಾವು ಟೇಲೆಂಡಿನವರು ನಲವತ್ತೆರಡು. ಐದು ಕುರ್ಚಿ, ಅದರಾಗ ನಮ್ಮದು ಒಂದೂ ಇಲ್ಲ. ನೀ ಹುಡುಗರಿಗೆ ಏನೋ ಹೇಳ್ತಿದ್ದೆಲ್ಲ, ಎಷ್ಟ ಮಂದಿಗೆ ಅಷ್ಟ ಕುರ್ಚಿ ಅಂತ. ಅದು ಕಾಲೇಜಿನ್ಯಾಗ ಅಷ್ಟ ನಡೀತೈತೇನು? ಊರಾಗ ನಡ್ಯಾಂಗಿಲ್ಲೇನು?"

ನಾನು ನೆಟ್ಟಗೆ ಕೂತೆ. ಆಕೆ ಹೇಳುತ್ತಿದ್ದದ್ದು ನನ್ನ ಗುಣ ಒಂದು, ಗುಣ ಎರಡು, ಗುಣ ಮೂರು. ಹಳೆಯ ಪದ್ಧತಿಯಲ್ಲಿ ಒಬ್ಬೊಬ್ಬರಿಗೂ ಐದು ಓಟು. ಮೇಲಿನ ಎಪ್ಪತ್ತೆಂಟು ಮಂದಿ ಐದು ಜನರ ಒಂದು ಪೆನಲ್ ಮಾಡಿ, ಐದೂ ಓಟನ್ನು ಆ ಐವರಿಗೇ ಒತ್ತಿದರೆ ಉಳಿದ ನಲವತ್ತೆರಡು ಮಂದಿ ಓಟಿನ ದಿನ ಮನೆಯಲ್ಲಿ ಮಲಗಿದ್ದರೂ ಅಷ್ಟೇ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಇದಕ್ಕೆ ಮದ್ದು ನನ್ನ ಹಳೆಯ ನೋಟ್ಸಿನಲ್ಲಿತ್ತು. ಬೀರುವಿನಿಂದ ತೆಗೆದು ಧೂಳು ಝಾಡಿಸುತ್ತಿದ್ದರೆ ಹೆಂಡತಿ ನೋಡಿದಳು. ಕಿತ್ತೂರಿನವಳು, ಮಾತಿನಲ್ಲಿ ಸೋಲುವ ಪೈಕಿ ಅಲ್ಲ.

"ಓದಿ ಓದಿ ಮರುಳಾದ ಕೂಚುಭಟ್ಟ ಅಂತ ಸುಮ್ಮನ ಅಂದಿಲ್ರಿ. ಆಕಿ ನೀರು ಕೇಳಾಕ ಬಂದಾಳ, ನೀವು ನೋಟ್ಸು ಕೊಡಾಕ ಹೊಂಟೀರಿ" ಅಂದಳು.

ನಾನು ನೋಟ್ಸನ್ನು ಕಂಕುಳಲ್ಲಿ ಇಟ್ಟುಕೊಂಡು ಊರಿನ ಬಸ್ಸು ಹತ್ತಿದೆ.

ಅದೇ ತಿಂಗಳು ಸಂಘದ ಚುನಾವಣೆ ಬರುವುದಿತ್ತು. ನಮ್ಮೂರಿನಲ್ಲಿ ಚುನಾವಣೆ ಎಂದರೆ ಸರಕಾರಿ ಡಬ್ಬಿಗೆ ಚೀಟಿ ಹಾಕುವುದಲ್ಲ. ಅದಕ್ಕೂ ಮೊದಲು ಬಸವಣ್ಣನ ಗುಡಿಯಲ್ಲಿ ಕೂತು ಊರವರೇ ಐದು ಹೆಸರು ಗೊತ್ತು ಮಾಡಿಬಿಡುತ್ತಾರೆ. ಆಮೇಲೆ ಆ ಐವರೇ ಅರ್ಜಿ ಹಾಕುತ್ತಾರೆ, ಅವಿರೋಧ ಆಯ್ಕೆ ಎಂದು ಪೇಪರಿನಲ್ಲಿ ಬರುತ್ತದೆ, ಊರಿನ ಒಗ್ಗಟ್ಟು ನೋಡಿ ಅಕ್ಕಪಕ್ಕದವರು ಹೊಟ್ಟೆಕಿಚ್ಚು ಪಡುತ್ತಾರೆ. ಗುಡಿಯಲ್ಲಿ ಹೆಸರು ಗೊತ್ತು ಮಾಡುವಾಗ ಯಾವ ಪದ್ಧತಿ ಅನುಸರಿಸಬೇಕೆಂದು ಯಾವ ಕಾನೂನಿನಲ್ಲೂ ಇಲ್ಲ. ನನ್ನ ಪದ್ಧತಿಗೆ ಜಾಗ ಸಿಕ್ಕದ್ದೇ ಅಲ್ಲಿ.

ಸಂಘದ ಅಧ್ಯಕ್ಷರ ಮನೆಗೆ ಹೋದೆ. ಐವತ್ತೆಂಟರ ಮನುಷ್ಯ, ಮೇಲಿನ ಭಾಗದ ದೊಡ್ಡ ಹೊಲ ಅವರದು, ಯಾವಾಗಲೂ ನಗುಮುಖ. ಇವರು ಒಪ್ಪುವುದಿಲ್ಲ ಎಂದು ನಾನು ಹನ್ನೊಂದು ವಾದ ಸಿದ್ಧ ಮಾಡಿಕೊಂಡು ಹೋಗಿದ್ದೆ. ಎರಡನೆಯದಕ್ಕೆ ಬರುವಷ್ಟರಲ್ಲಿ ಅವರು ಒಪ್ಪಿಬಿಟ್ಟರು.

"ಏ ಸರ, ನೀವು ಹೇಳಿದ ಮ್ಯಾಲೆ ಮುಗೀತ್ರಿ. ಎಷ್ಟ ಮಂದಿಗೆ ಅಷ್ಟ ಕುರ್ಚಿ. ನ್ಯಾಯ ಐತಿ. ನಾವೇನು ಬ್ಯಾಡ ಅಂತೇವೇನ್ರಿ? ಚಾ ತಗೋರಿ."

ಉಳಿದ ಒಂಬತ್ತು ವಾದ ನನ್ನ ಹೊಟ್ಟೆಯಲ್ಲೇ ಉಳಿದು ಅಂದು ಊಟ ಸೇರಲಿಲ್ಲ. ಒಬ್ಬ ಮನುಷ್ಯ ಇಷ್ಟು ಸಲೀಸಾಗಿ ಒಪ್ಪಿದಾಗ ಯಾಕೆ ಎಂದು ಯೋಚಿಸಬೇಕಿತ್ತು. ನಾನು ನನ್ನ ಮಾತಿನ ಶಕ್ತಿ ಎಂದುಕೊಂಡೆ.

ಒಂದು ವಾರ ಬಿಟ್ಟು ಗುಡಿಯ ಕಟ್ಟೆಯ ಮೇಲೆ ಶಾಲೆಯ ಕರೀ ಹಲಗೆ ತರಿಸಿ ಊರಿಗೆ ಪಾಠ ಮಾಡಿದೆ. ಒಬ್ಬೊಬ್ಬರಿಗೆ ಒಂದೇ ಚೀಟಿ. ನಿಂತವರ ಹೆಸರು ಅದರಲ್ಲಿ ಬರೆದಿರುತ್ತದೆ. ನಿಮಗೆ ಎಲ್ಲರಿಗಿಂತ ಯಾರು ಬೇಕೋ ಅವರ ಮುಂದೆ ಒಂದು, ಆಮೇಲೆ ಎರಡು, ಮೂರು, ಹೀಗೆ ಬರೆಯಿರಿ. ನೂರಿಪ್ಪತ್ತನ್ನು ಆರರಿಂದ ಭಾಗಿಸಿ ಒಂದು ಕೂಡಿಸಿದರೆ ಇಪ್ಪತ್ತೊಂದು. ಇಪ್ಪತ್ತೊಂದು ಓಟು ಸಿಕ್ಕವರು ಆರಿಸಿ ಬಂದಂತೆ. ಯಾರಿಗಾದರೂ ಅದಕ್ಕಿಂತ ಹೆಚ್ಚು ಬಂದರೆ ಹೆಚ್ಚಿನವು ಹಾಳಾಗುವುದಿಲ್ಲ, ಆ ಚೀಟಿಯಲ್ಲಿ ಎರಡು ಎಂದು ಯಾರ ಮುಂದೆ ಇದೆಯೋ ಅವರಿಗೆ ಹೋಗುತ್ತವೆ. ಟೇಲೆಂಡಿನ ನಲವತ್ತೆರಡು ಎಂದರೆ ಇಪ್ಪತ್ತೊಂದು ಎರಡಲೆ. ಎರಡು ಕುರ್ಚಿ ಅಪ್ಪನಾಣೆಗೂ ಬರಲೇಬೇಕು.

ಹಿಂದಿನ ಸಾಲಿನಿಂದ ಒಬ್ಬರು ಎದ್ದರು. "ಸರ, ಕುರ್ಚಿ ಐದು ಅಂತೀರಿ. ಭಾಗಸೂದು ಆರಲೆ ಭಾಗಸ್ತೀರಿ. ಆರನೇ ಕುರ್ಚಿ ಯಾರದ್ರಿ?"

ಮೂವತ್ತೊಂದು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ. ನನಗೆ ಸಿಟ್ಟು ಬಂತು. "ಅದು ಸೂತ್ರ!" ಅಂದೆ. ಸೂತ್ರ ಎಂದ ಮೇಲೆ ಎಲ್ಲರೂ ಸುಮ್ಮನಾದರು, ಕೇಳಿದವರು ಕೂತುಬಿಟ್ಟರು. ಮುಂದಿನ ಸಾಲಿನಲ್ಲಿ ತಂಗಿ ಬಾಯಿ ತೆರೆದು ನನ್ನನ್ನೇ ನೋಡುತ್ತಿದ್ದಳು. ಆಕೆಯ ಮುಖದ ಮೇಲೆ ಅಷ್ಟು ಹೆಮ್ಮೆ ನೋಡಿ ನಾನು ಇನ್ನೂ ಹತ್ತು ನಿಮಿಷ ಹೆಚ್ಚಿಗೆ ಮಾತಾಡಿದೆ.

ಏಳು ಮಂದಿ ನಿಂತರು. ಟೇಲೆಂಡಿನಿಂದ ಇಬ್ಬರು, ಒಬ್ಬಳು ನನ್ನ ತಂಗಿ. ಇನ್ನೊಬ್ಬರು ಎಪ್ಪತ್ತೆರಡು ವರ್ಷದ ಹಿರಿಯರು, ವರ್ಷದಲ್ಲಿ ಎಂಟು ತಿಂಗಳು ರಾಮದುರ್ಗದ ಮಗಳ ಮನೆಯಲ್ಲಿರುವವರು. ಅವರನ್ನು ಯಾಕೆ ನಿಲ್ಲಿಸಿದಿರಿ ಎಂದರೆ, "ಹಿರೇರನ್ನ ಬಿಟ್ಟು ಹೆಂಗ್ರಿ?" ಎಂದರು ಟೇಲೆಂಡಿನವರು. ಮೇಲಿನವರ ಪರವಾಗಿ ಐವರು: ಅಧ್ಯಕ್ಷರು, ಅರವತ್ತು ದಾಟಿದ ಇಬ್ಬರು, ಅಧ್ಯಕ್ಷರ ಅಕ್ಕನ ಮಗನಾದ ಐವತ್ತರ ಆಸುಪಾಸಿನ ಅಳಿಯ, ಮತ್ತು ಊರಿಗೇ ಹಿರಿಯನಾದ ಒಬ್ಬ ಅಜ್ಜ. ಎಂಬತ್ತನಾಲ್ಕು ವರ್ಷ, ಕಿವಿ ಮಂದ, ಮೊಣಕಾಲು ಬ್ಯಾನಿಯಿಂದ ಕಾಲುವೆಯ ಕಡೆ ಹೋಗಿ ನಾಲ್ಕು ವರ್ಷವಾಗಿತ್ತು. ನಾನು ಒಳಗೊಳಗೇ ನಕ್ಕೆ. ನಿಲ್ಲಿಸಲು ಜನ ಸಿಗದೆ ಅಜ್ಜನನ್ನು ಹಿಡಿದು ತಂದಿದ್ದಾರೆ, ಈ ಅಧ್ಯಕ್ಷರಿಗೆ ಲೆಕ್ಕ ತಿಳಿಯುವುದಿಲ್ಲ ಎಂದುಕೊಂಡೆ.

ಸೋಮವಾರ ಮುಂಜಾನೆ ಓಟು. ನಮ್ಮ ಕಡೆ ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಈಗ ಊರಿನಲ್ಲಿ ಎತ್ತಿಗಿಂತ ಟ್ರ್ಯಾಕ್ಟರ್ ಜಾಸ್ತಿ, ಅವಕ್ಕೂ ಸೋಮವಾರ ಸೂಟಿ. ಚೀಟಿಯಲ್ಲಿ ಏಳೂ ಹೆಸರುಗಳನ್ನು ಅ ಆ ಇ ಈ ಪ್ರಕಾರ ಬರೆಸಿದ್ದೆ, ಯಾರೂ ಮೇಲಲ್ಲ, ಯಾರೂ ಕೆಳಗಲ್ಲ ಎಂದು. ಒಬ್ಬೊಬ್ಬರೇ ಗರ್ಭಗುಡಿಯ ಬಲಕ್ಕೆ ಕಂಬದ ಮರೆಗೆ ಹೋಗಿ ಅಂಕಿ ಬರೆದು, ಹಿಟ್ಟಿನ ಡಬ್ಬಿಯಲ್ಲಿ ಹಾಕಬೇಕು.

ಕಾಲುವೆಯ ಬಾಯಿಯ ಹೊಲ ನನ್ನ ಹೆಸರಿಗೂ ಎರಡು ಎಕರೆ ಇರುವುದರಿಂದ ನಾನೂ ಸದಸ್ಯ. ಮಾದರಿಯಾಗಲಿ ಎಂದು ಮೊದಲ ಓಟು ನಾನೇ ಹಾಕಿದೆ. ಕಂಬದ ಮರೆಯಲ್ಲಿ ನಿಂತಾಗ ಎದುರಿಗೇ ಅಜ್ಜ ಗೋಡೆಗೆ ಒರಗಿ ಕೂತಿದ್ದರು. ಚಡ್ಡಿ ಹಾಕುವ ವಯಸ್ಸಿನಿಂದ ಅವರ ಕಾಲಿಗೆ ಬಿದ್ದವನು ನಾನು. ಅವರ ಹೆಸರಿನ ಮುಂದೆ ಐದೋ ಆರೋ ಬರೆಯಲು ಕೈ ಏಳಲಿಲ್ಲ. ಆದರೇನು, ನಾನು ಪದ್ಧತಿ ಬಲ್ಲವನು. ಅಜ್ಜನಿಗೆ ಒಂದು ಬರೆದರೆ ಗೌರವವೂ ಆಯಿತು, ಹೆಚ್ಚಿನ ಓಟು ಹೇಗೂ ಎರಡನೆಯವರಿಗೆ ಹರಿಯುತ್ತದೆ. ಅಜ್ಜನಿಗೆ ಒಂದು, ತಂಗಿಗೆ ಎರಡು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದು ಮಡಚಿ ಡಬ್ಬಿಗೆ ಹಾಕಿದೆ.

ಅಜ್ಜನ ಸರದಿ ಬಂದಾಗ ಅವರು ನನ್ನನ್ನೇ ಕರೆದರು. ಕೈ ನಡುಗುತ್ತದೆ, ನೀನೇ ಬರೆ ಎಂದರು. ಉಳಿದ ಬರೆಯಲಾರದವರು ತಮ್ಮ ತಮ್ಮ ಮನೆಯವರ ಕಡೆ ಬರೆಯಿಸಿಕೊಂಡರು, ಅಜ್ಜನದು ಮಾತ್ರ ನನ್ನ ಪಾಲಿಗೆ ಬಂತು.

"ಸಣ್ಣಾಕಿಂದ ಸುರು ಮಾಡು ತಮ್ಮಾ. ನಿನ್ನ ತಂಗಿಗೆ ಒಂದು. ಹಂಗ ಮ್ಯಾಲ ಬಾ. ನಂದು ಕಡೀಕ ಬರಿ."

ಪಾಪ, ಅಜ್ಜನಿಗೆ ತಿಳಿದಿಲ್ಲ ಎಂದುಕೊಂಡೆ. ಕಿವಿಯ ಹತ್ತಿರ ಬಾಗಿ, "ಅಜ್ಜಾರ, ಒಂದು ಅಂದ್ರ ಎಲ್ಲಾರಕಿಂತ ಮೊದಲ ಅಂತ್ರಿ" ಅಂದೆ.

"ಗೊತ್ತೈತಿ ಬರೀಪಾ. ಪಂಕ್ತಿಗೆ ಕುಂತಾಗ ಮೊದಲ ಯಾರಿಗೆ ನೀಡ್ತೇವಿ? ಸಣ್ಣವರಿಗೆ ನೀಡ್ತೇವಿಲ್ಲೋ? ನೀರಂದ್ರೂ ಊಟಾನ. ನಾ ಏನ ಹೊಲಕ್ಕ ಹೋಗ್ತೇನಿ ಈಗ."

ಬರೆದೆ. ಹಿಂದೆ ಸರದಿ ಉದ್ದ ಇತ್ತು, ನಾನು ಗಡಿಬಿಡಿಯಲ್ಲಿದ್ದೆ.

ಮಧ್ಯಾಹ್ನ ಎಣಿಕೆ. ಡಬ್ಬಿಯನ್ನು ಜಮಖಾನೆಯ ಮೇಲೆ ಬೋರಲು ಹಾಕಿದೆ. ಮೊದಲ ಚೀಟಿ: ಅಜ್ಜನಿಗೆ ಒಂದು. ಅದು ನನ್ನದೇ, ಮೊದಲು ಬಿದ್ದದ್ದು ಮೇಲೆ ಬಂದಿತ್ತು. ಎರಡನೆಯದು: ಅಜ್ಜನಿಗೆ ಒಂದು, ರಾಮದುರ್ಗದ ಹಿರಿಯರಿಗೆ ಎರಡು. ಮೂರನೆಯದೂ ಹಾಗೇ. ನಾಲ್ಕನೆಯದೂ. ಹತ್ತನೆಯದಕ್ಕೆ ಬಂದಾಗಲೂ ಅದೇ. ಅಜ್ಜನಿಗೆ ಒಂದು, ಎಪ್ಪತ್ತೆರಡರವರಿಗೆ ಎರಡು, ಅರವತ್ತೆಂಟರವರಿಗೆ ಮೂರು, ಅರವತ್ಮೂರಕ್ಕೆ ನಾಲ್ಕು, ಅಧ್ಯಕ್ಷರಿಗೆ ಐದು, ಅವರ ಅಳಿಯನಿಗೆ ಆರು. ಕಟ್ಟಕಡೆಗೆ ನನ್ನ ತಂಗಿ, ಏಳು. ಮೇಲಿನವರ ಚೀಟಿ ಹಾಗಿದ್ದರೆ ಇರಲಿ. ಟೇಲೆಂಡಿನವರದೂ ಹಾಗೇ! ಯಾರು ಯಾರಿಗೆ ಬೇಕು ಎಂದು ಅಲ್ಲಿ ಯಾರೂ ಬರೆದಿರಲಿಲ್ಲ, ಯಾರು ಯಾರಿಗಿಂತ ಹಿರಿಯರು ಎಂದು ಬರೆದಿದ್ದರು.

ಅಯ್ಯೋ ಶಿವನೇ, ಇದು ನನಗೆ ಹೊಸದೇ? ನಮ್ಮಲ್ಲಿ ಲಗ್ನದ ಕಾರ್ಡು ಹೀಗೇ ಬರೆಯುವುದು. ದೊಡ್ಡಪ್ಪ, ಆಮೇಲೆ ಅಪ್ಪ, ಆಮೇಲೆ ಕಾಕಾ, ಹೆಣ್ಣುಮಕ್ಕಳು ಕಡೆಗೆ, ಹುಡುಗರು ಇನ್ನೂ ಕಡೆಗೆ. ನನ್ನ ಮಗಳ ಲಗ್ನಕ್ಕೆ ಬೈಲಹೊಂಗಲದ ಪ್ರೆಸ್ಸಿನವರು ಒಬ್ಬ ಕಾಕಾನ ಹೆಸರನ್ನು ಒಂದು ಸಾಲು ಕೆಳಗೆ ಹಾಕಿ, ಆ ಕಾಕಾ ಲಗ್ನಕ್ಕೆ ಬಂದು ಅಕ್ಕಿಕಾಳು ಹಾಕಿ ಹನಿ ನೀರು ಕುಡಿಯದೆ ಎದ್ದು ಹೋಗಿದ್ದರು. ಮೂರು ವರ್ಷ ಮಾತಿಲ್ಲ. ಅಂಥ ಊರಿಗೆ ಏಳು ಹೆಸರು ಕೊಟ್ಟು, ಒಂದು ಎರಡು ಮೂರು ಎಂದು ಸಾಲಾಗಿ ಬರೆಯಿರಿ ಎಂದರೆ ಅವರು ಇನ್ನೇನು ಬರೆಯಬೇಕು? ಎರಡನೇ ನಂಬರ್ ಹಾಕಿದ್ದಿ ಎಂದು ಹಿರಿಯರಿಂದ ಬೈಸಿಕೊಳ್ಳಲು ಯಾರಿಗೂ ತಲೆ ಕೆಟ್ಟಿರಲಿಲ್ಲ. ನೋಟ್ಸಿನ ಆರು ದೋಷಗಳಲ್ಲಿ ಇದು ಇರಲಿಲ್ಲ.

ಅಜ್ಜನಿಗೆ ತೊಂಬತ್ತೇಳು ಓಟು. ಬೇಕಾದದ್ದು ಇಪ್ಪತ್ತೊಂದು. ಮೇಲಿನ ಇಪ್ಪತ್ತೊಂದು ಚೀಟಿಗಳನ್ನು ಅವರ ಪಾಲಿಗೆ ದಾರ ಕಟ್ಟಿ ಇಟ್ಟು, ಉಳಿದದ್ದನ್ನು ಮುಂದಕ್ಕೆ ಹಂಚಬೇಕೆಂದು ನಿಯಮ ಬರೆದವನು ನಾನೇ. ಹಾಗೆ ಕಟ್ಟಿಟ್ಟ ಗಂಟಿನ ತುದಿಯಲ್ಲಿ ನನ್ನ ಚೀಟಿಯೇ ಇತ್ತು. ತಂಗಿಗೆ ಬರೆದ ಎರಡು ಅಲ್ಲೇ ಉಳಿಯಿತು. ಉಳಿದ ಚೀಟಿಗಳು ಎಪ್ಪತ್ತೆರಡರವರಿಗೆ ಹೋದವು, ಅವರಿಗೆ ತುಂಬಿ ಅರವತ್ತೆಂಟರವರಿಗೆ, ಅಲ್ಲಿಂದ ಅರವತ್ಮೂರರವರಿಗೆ, ಅಲ್ಲಿಂದ ಅಧ್ಯಕ್ಷರಿಗೆ. ಅಧ್ಯಕ್ಷರಿಗೆ ಇಪ್ಪತ್ತೊಂದು ತುಂಬುವಷ್ಟರಲ್ಲಿ ಐದು ಕುರ್ಚಿಯೂ ಮುಗಿದವು. ಥೇಟ್ ನಮ್ಮ ಕಾಲುವೆ. ತಂಗಿಯ ಮುಂದೆ ಬಿದ್ದಿದ್ದು ಒಂದೇ ಒಂದು ಚೀಟಿ, ನನ್ನ ಕೈಬರಹದ್ದು, ಅಜ್ಜ ಹೇಳಿ ಬರೆಸಿದ್ದು.

ನಾನು ಎದ್ದು ನಿಂತು ಫಲಿತಾಂಶ ಓದಿದೆ. ಓದಲೇಬೇಕಲ್ಲ. ತಂಗಿ ಹೆಂಗಸರ ನಡುವೆ ಕೂತಿದ್ದಳು. "ಒಂದು" ಎಂದಾಗ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು, ಅಷ್ಟೇ. ನನಗೆ ಆ ಹಲಗೆಯನ್ನು ಎತ್ತಿ ಯಾರ ತಲೆಯ ಮೇಲಾದರೂ ಹಾಕಬೇಕು ಎನಿಸಿತು. ಯಾರದು ಎಂದು ತಿಳಿಯಲಿಲ್ಲ.

ಅಧ್ಯಕ್ಷರು ಬಂದು ನನ್ನ ಕೈ ಹಿಡಿದರು. "ಸರ, ನಿಮ್ಮ ಪದ್ಧತಿ ಛಲೋ ಐತ್ರಿ. ಹಿಂದ ಪೆನಲ್ ಮಾಡಿ ಗೆದ್ದಾಗ ಟೇಲೆಂಡಿನವರು ಮಾರಿ ತಿರುವಿಕೊಂಡು ಹೋಗ್ತಿದ್ರು. ಈ ಸಲ ಅವರ ಕೈಲೇನ ಆರಿಸಿ ಬಂದೇವಿ. ಅವರಿಗೂ ಒಂದು ಕುರ್ಚಿ ಸಿಕ್ತು. ಇನ್ನ ಮುಂದ ಹಿಂಗ ಮಾಡೂನ್ರಿ."

ಅವರು ತಮಾಷೆ ಮಾಡುತ್ತಿದ್ದರೋ ನಿಜವಾಗಿ ಹೇಳುತ್ತಿದ್ದರೋ ಆ ನಗುಮುಖದಲ್ಲಿ ಇಂದಿಗೂ ನನಗೆ ಗೊತ್ತಾಗಿಲ್ಲ. ಲೆಕ್ಕದ ಪ್ರಕಾರ ನೋಡಿದರೆ ತಪ್ಪೇನೂ ಇರಲಿಲ್ಲ. ನೂರಿಪ್ಪತ್ತರಲ್ಲಿ ನಲವತ್ತೆರಡಕ್ಕೆ ಐದರಲ್ಲಿ ಒಂದು, ಸ್ವಲ್ಪ ಹಿಂದೆ ಮುಂದೆ. ಪರೀಕ್ಷೆಯಲ್ಲಿ ಯಾರಾದರೂ ಹೀಗೆ ಬರೆದಿದ್ದರೆ ನಾನು ಏಳು ಅಂಕ ಕೊಡುತ್ತಿದ್ದೆ. ಆ ಒಂದು ಕುರ್ಚಿಯವರು ಮರುದಿನ ರಾಮದುರ್ಗದ ಬಸ್ಸು ಹತ್ತಿದರು.

ಆ ಹಿಂಗಾರಿಯಲ್ಲೂ ಪಾಳಿ ಮೇಲಿನಿಂದಲೇ ಬಂತು. ಗೋಧಿ ಮತ್ತೆ ಒಣಗಿತು. ಯುಗಾದಿಯ ಹೊತ್ತಿಗೆ ತಂಗಿಯ ಗಂಡ ಹೊಲವನ್ನು ಐದು ವರ್ಷಕ್ಕೆ ಲಾವಣಿಗೆ ಹಾಕಿ, ಯರಗಟ್ಟಿಗೆ ಕಾಳು ತೂಗಲು ಹೋದ. ಲಾವಣಿಗೆ ಹಿಡಿದವರು ಅಧ್ಯಕ್ಷರು. ಬೇರೆ ಯಾರು ಹಿಡಿಯುತ್ತಾರೆ, ನೀರು ಮುಟ್ಟದ ಹೊಲ ಬೇರೆಯವರಿಗೆ ಯಾಕೆ ಬೇಕು?

ಮುಂದೆ ಆದದ್ದನ್ನು ನಾನು ಸೇರಿಸಿ ಹೇಳುತ್ತಿದ್ದೇನೆ ಎಂದುಕೊಳ್ಳಬಹುದು, ಬೇಕಾದರೆ ಊರಿನಲ್ಲಿ ಕೇಳಿ. ಕಾಲುವೆಗೆ ನೀರು ಬಿಡುವ ಮುಂಚೆ ಕಮಿಟಿ ಸೇರಿತು. ಟೇಲೆಂಡಿನವರಿಗೆ ಬಹಳ ವರ್ಷಗಳಿಂದ ಅನ್ಯಾಯವಾಗಿದೆ, ಈ ಸಲ ಪಾಳಿ ತುದಿಯಿಂದ ಸುರುವಾಗಬೇಕು ಎಂದು ಅಧ್ಯಕ್ಷರೇ ಠರಾವು ಮಂಡಿಸಿದರು. ಒಬ್ಬರ ವಿರೋಧವೂ ಇಲ್ಲ. ಟೇಲೆಂಡಿನ ಎಲ್ಲರ ಹೊಲಕ್ಕೂ ನೀರು ಹೋಯಿತು. ಅವರೆಲ್ಲ ಕೂಡಿ ಅದೇ ಗುಡಿಯಲ್ಲಿ ಅಧ್ಯಕ್ಷರಿಗೆ ಶಾಲು ಹೊದಿಸಿದರು, ನನಗೂ ಒಂದು ಹಾರ ಹಾಕಿದರು. ತುದಿಯ ಹೊಲಕ್ಕೆ ಕಮಿಟಿಯಲ್ಲಿ ಈಗ ಗಟ್ಟಿಯಾದ ಪ್ರತಿನಿಧಿ ಸಿಕ್ಕಿದ್ದರು, ಅದಕ್ಕೆ ಯಾವ ಸೂತ್ರವೂ ಬೇಕಾಗಲಿಲ್ಲ.

ಹಾರ ಕೈಯಲ್ಲಿ ಹಿಡಿದುಕೊಂಡೇ ತಂಗಿಯನ್ನು ನೋಡಲು ಹೋದೆ. ಮನೆಗೆ ಕೀಲಿ. ಹೊಲದಲ್ಲಿದ್ದಾಳೆ ಎಂದರು ಪಕ್ಕದ ಮನೆಯವರು. ನಾಲ್ಕೂ ಎಕರೆ ಕಬ್ಬು ಹಚ್ಚಿದ್ದರು, ಮೊಳಕಾಲೆತ್ತರ ಬಂದಿತ್ತು. ಹತ್ತು ಹೆಣ್ಣಾಳುಗಳು ಸಾಲು ಹಿಡಿದು ಕಳೆ ತೆಗೆಯುತ್ತಿದ್ದರು, ಅವರಲ್ಲಿ ನನ್ನ ತಂಗಿಯೂ ಒಬ್ಬಳು. ಬದುವಿನ ಪಕ್ಕದ ಕಾಲುವೆಯಲ್ಲಿ ನೀರು ತುಂಬಿ ಹರಿಯುತ್ತಿತ್ತು. ನನ್ನನ್ನು ಕಂಡು ಕಳೆ ಕೀಳುವ ಕುರ್ಚಿಗಿ ಹಿಡಿದುಕೊಂಡೇ ಎದ್ದು ಬಂದಳು.

"ಅಣ್ಣಾ, ನೋಡಿದೇನು? ಹೆಂಗ ಬರಾಕತ್ತೈತಿ ನೋಡು ನೀರು" ಅಂದಳು. ಮುಖದಲ್ಲಿ ಖುಷಿ ಇತ್ತು. ಅದನ್ನು ನೋಡಿ ನನ್ನ ಸಿಟ್ಟು ನೆತ್ತಿಗೇರಿತು.

"ನಿಮ್ಮ ಟೇಲೆಂಡಿನ ಮಂದಿಗೆ ನಾಚಿಕಿ ಅನ್ನೂದು ಐತೇನ? ಅವರ ಸಲುವಾಗಿ ನೀ ನಿಂತಿ, ಅವರು ನಿನಗ ಏಳು ಬರದ್ರು. ಏಳು! ಇವತ್ತು ಅವರ ಹೊಲಕ್ಕ ನೀರ ಬಂತು, ನೀ ನಿನ್ನ ಹೊಲದಾಗ ಕೂಲಿ ಮಾಡಾಕತ್ತಿ. ಒಬ್ಬರಿಗರೆ ನಿನ್ನ ನೆನಪ ಐತೇನು?"

"ಒಂದು ಓಟ ಬಂದಿತ್ತಲ್ಲ" ಅಂದಳು ತಣ್ಣಗೆ. "ಅದು ನಿಂದ ಅಂತ ನಾ ಮನ್ಯಾಗ ಎಲ್ಲಾರಿಗೂ ಹೇಳೇನಿ. ಊರೆಲ್ಲಾ ಬಿಟ್ರೂ ನಮ್ಮಣ್ಣ ಒಬ್ಬಾಂವ ನನ್ನ ಕೈ ಬಿಡಲಿಲ್ಲ ಅಂತ."

ಹೌದು ಎಂದುಬಿಡಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ, ಅಜ್ಜ ಆಷಾಢದಲ್ಲೇ ತೀರಿಕೊಂಡಿದ್ದರು. ಆದರೆ ಆಕೆಯ ಮುಖ ನೋಡಿ ಸುಳ್ಳು ಹೊರಡಲಿಲ್ಲ.

"ಅದು ಅಜ್ಜಂದು. ಅವರು ಹೇಳಿದ್ರು, ನಾ ಬರದೆ" ಅಂದೆ. "ನಂದು ಅಜ್ಜಗ ಒಂದು, ನಿನಗ ಎರಡು ಇತ್ತು. ಹರದ ಬರ್ತೈತಿ ಅಂತ ತಿಳದಿದ್ದೆ."

ಆಕೆ ಕುರ್ಚಿಗಿಗೆ ಹತ್ತಿದ ಮಣ್ಣನ್ನು ಬೆರಳಿಂದ ಕೆರೆದಳು.

"ನೀ ಎರಡರೆ ಬರದಿ" ಅಂದಳು. "ನಾ ನನಗ ಏಳು ಬರಕೊಂಡಿದ್ದೆ ಅಣ್ಣಾ."

"ಏಳು?" ಅಂದೆ.

"ಮತ್ತ ಹೆಂಗ ಬರೀಲಿ? ಅಷ್ಟು ಹಿರೇರು ಕುಂತಾರ, ನನ್ನ ಹೆಸರಿನ ಮುಂದ ನಾನ ಒಂದು ಅಂತ ಬರಕೊಳ್ಳಲೇನು? ಒಂದ ತಾಸು ಪಾಠ ಮಾಡಿದಿ. ಇಪ್ಪತ್ತೊಂದು ಹೆಂಗ ಬರ್ತೈತಿ ಹೇಳಿದಿ, ಆರಲೆ ಯಾಕ ಭಾಗಸ್ತಾರ ಹೇಳಲಿಲ್ಲ, ಅದು ಇರ್ಲಿ. ನನಗ ನಾನ ಒಂದು ಬರಕೋಬೌದು ಅಂತ ನೀ ಎಲ್ಲಿ ಹೇಳಿದಿ?"

"ಮುಂದಿನ ಸಲ ಹೇಳ್ತೇನಿ" ಅಂದೆ.

"ಅದಕ್ಕ ಇನ್ನ ನಾಲ್ಕು ವರ್ಷದ ಮ್ಯಾಲೆ ಐತಿ" ಅಂದು ಆಕೆ ಸಾಲಿನ ಕಡೆ ತಿರುಗಿದಳು. "ಈಗ ಬದು ಬಿಟ್ಟು ಇಳಿ ಅಣ್ಣಾ. ಅಧ್ಯಕ್ಷರು ಬರೋ ಹೊತ್ತಾತು. ಕೆಲಸಾ ಬಿಟ್ಟು ಮಾತಾಡಾಕತ್ಯಾಳ ಅಂತಾರ."